ಬೆನ್ನ ಮೇಲಿನ ಹುಣ್ಣು

ಬಾಗಿಲು ಲಾಕ್ ಮಾಡಿ ಹೊರಡುವಾಗ ಗಂಡ ದಿನವೂ ಅಣಕಿಸುತ್ತಿದ್ದ: "ಇನ್ನೊಂದು ಕೀ ಮನೇಲೇ ಇದೆ ಕಣೆ. ತಾಕತ್ತಿದ್ರೆ ಹುಡುಕಿ, ಬಾಗಿಲು ತೆಗ್ದು ಹೋಗು."

ಅಕ್ಕಿ ಡಬ್ಬಿ, ದೇವರ ಗೂಡು, ದಿಂಬಿನ ಹತ್ತಿ, ಅವಳು ಜಾಲಾಡದ ಜಾಗವಿರಲಿಲ್ಲ. ಜೊತೆಗಿದ್ದದ್ದು ಗಾಜಿನ ತೊಟ್ಟಿಯ ಕಪ್ಪೆಯೊಂದೇ. ನೀರು ಬಿಟ್ಟು ಮೇಲೆ ಬಾರದೆ, ತರಗೆಲೆಯಂತೆ ತಳಕ್ಕಂಟಿ ಮಲಗುವ ಪರದೇಶದ ಪ್ರಾಣಿ. ಬೆನ್ನ ತುಂಬ ಗುಳಿಗಳು.

"ಹುಣ್ಣು ಅದು. ಮುಟ್ಟಿದ್ರೆ ನಿನ್ ಕೈಯೂ ಕೊಳೆಯುತ್ತೆ" ಎಂದಿದ್ದ.

ಇವತ್ತು ಒಂದು ಗುಳಿ ಮಿಸುಕಿತು. ಚರ್ಮ ಸೀಳಿಕೊಂಡು ಉಗುರಿನಷ್ಟು ಕಪ್ಪೆಮರಿ ಹೊರಬಂದು ಈಜಿತು, ಹಿಂದೆಯೇ ಇನ್ನೊಂದು.

"ಅಯ್ಯೋ, ಬಾಣಂತಿ ಕಣೇ ನೀನು!"

ಹೆದರಿಕೆ ಮರೆತು ನೀರಿಗೆ ಕೈಯಿಳಿಸಿ ಅದರ ಬೆನ್ನು ಸವರಿದಳು. ಕಪ್ಪೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು.

ಅದು ಮಲಗಿದ್ದ ಕೆಸರಿನಲ್ಲಿ ಕೀ ಹೊಳೆಯಿತು.