ಅಮ್ಮನ ಹಾಳು ಬೀಡಿ

ಬೀಡಿ ಯೂನಿಯನ್ನಿನ ಲೀಲಕ್ಕನ ಭಾಷಣವನ್ನು ಅನುಕರಿಸಿ ಓಣಿಯನ್ನೆಲ್ಲ ನಗಿಸುತ್ತಿದ್ದ ಮಂಗ ನಾನೇ. ಈಗ ಕುದ್ರೋಳಿಯಲ್ಲಿ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದರೆ, ಸೀನುವ ಮೊದಲು ಆ ಲೀಲಕ್ಕನಿಗೊಂದು ಕೈ ಮುಗಿಯುತ್ತೇನೆ.

ಅಮ್ಮ ಕಟ್ಟಿದ ಬೀಡಿಯಲ್ಲಿ ಒಂದಷ್ಟನ್ನು ಕಂಟ್ರಾಕ್ಟರು ದಿನಾ "ಹಾಳು" ಎಂದು ತೆಗೆದಿಡುತ್ತಿದ್ದರು. ಅದಕ್ಕೆ ಮಜೂರಿಯೂ ಇಲ್ಲ, ಬೀಡಿಯೂ ವಾಪಸಿಲ್ಲ. ಅಮ್ಮ ಒಬ್ಬರೇ ಹೋಗಿ ಕೇಳಿದ್ದಕ್ಕೆ ವಾರವಿಡೀ ಬೀಡಿ ಕಟ್ಟಲು ಎಲೆಯೇ ಕೊಡಲಿಲ್ಲ. ಆಮೇಲೊಂದು ಮಧ್ಯಾಹ್ನ ಲೀಲಕ್ಕನ ಜೊತೆ ಯೂನಿಯನ್ನಿನ ಹೆಂಗಸರೆಲ್ಲ ಬಂದು, ಬೀಡಿ ಬುಟ್ಟಿಯನ್ನು ಒಪ್ಪಿಸದೆ ಮಡಿಲಲ್ಲೇ ಹಿಡಿದು, ಕಂಟ್ರಾಕ್ಟರ ಎದುರು ಅಮ್ಮನ ಜೊತೆ ಕೂತರು.

"ಎಂತ ಮಾರಾಯ್ತಿ, ಹಾಳು ಬೀಡಿಗೂ ದುಡ್ಡು ಕೊಡ್ಲಿಕ್ಕುಂಟಾ?" ಎಂದರು ಕಂಟ್ರಾಕ್ಟರು.

ಅಂದಿನಿಂದ ನಮ್ಮ ಬೀಡಿಗೆ ಹಾಳಾಗುವ ರೋಗವೇ ಬಾರದಂತೆ ಮಾಡಿದ್ದು ಅಮ್ಮನ ಉತ್ತರ: "ದುಡ್ಡು ಬೇಡ ಧಣಿಗಳೇ. ಹಾಳಾದದ್ದನ್ನು ಇಲ್ಲೇ, ನಮ್ಮೆಲ್ಲರ ಎದುರು ಮುರಿದು ಬಿಸಾಡಿ. ನಿಮಗೆ ಅದನ್ನು ಮಾರ್ಲಿಕ್ಕಿಲ್ಲವಲ್ಲ?"