ಹಾಲು ಆರುವ ತನಕ

ಗಾಳಿಗೇ ಬೂಷ್ಟು ಹಿಡಿದ ಮೇಲೆ ಜನ ಗಾಜಿನ ಗುಮ್ಮಟಗಳಲ್ಲಿ ಬದುಕುತ್ತಿದ್ದರು. ಗುಮ್ಮಟಕ್ಕೊಬ್ಬರು, ಉಸಿರಿಗೆ ಒಂದು ದ್ರಾಕ್ಷಿ ಬಳ್ಳಿ, ಒಂದು ಮೊಸರಿನ ಗಡಿಗೆ. ಹುಳಿ ಮಜ್ಜಿಗೆ ಸಿಂಪಡಿಸಿದ ಬಳ್ಳಿಗೆ ಮಾತ್ರ ಬೂದಿರೋಗ ತಾಗುತ್ತಿರಲಿಲ್ಲ.

ಗುರುಬಾಯಿಯ ಗಡಿಗೆಯಲ್ಲಿದ್ದದ್ದು, ಅದೇ ಗುಮ್ಮಟದಲ್ಲಿ ಮೊದಲಿದ್ದು ತೀರಿಹೋದ ಅಕ್ಕ ಕಾಶಿಬಾಯಿಯ ಹೆಪ್ಪು. ಹನ್ನೊಂದು ವರ್ಷದಿಂದ ಅವಳಿಗೆ ಅದೊಂದೇ ಜೊತೆ. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು, "ಎದ್ದೀಯೇನಕ್ಕಾ?" ಎನ್ನುತ್ತಿದ್ದಳು.

ಇವತ್ತು ಗಡಿಗೆಯಲ್ಲಿ ಹಾಲು ಹಾಲಾಗಿಯೇ ಇತ್ತು. ನಿನ್ನೆ ಅದು ಆರುವ ಮೊದಲೇ, ಇದ್ದಬದ್ದ ಹೆಪ್ಪನ್ನೆಲ್ಲ ಹಾಕಿಬಿಟ್ಟಿದ್ದಳು. ಬಳ್ಳಿಯ ಎಲೆಗಳ ಮೇಲೆ ಆಗಲೇ ಬಿಳಿ ಹುಡಿ ಕೂತಿತ್ತು.

ಬೇರೆ ದಾರಿ ಕಾಣದೆ, ಪಕ್ಕದ ಗುಮ್ಮಟದ ಕಿಂಡಿಯನ್ನು ಮೊದಲ ಸಲ ಬಡಿದಳು. ಅಲ್ಲಿದ್ದ ಮಾದೇವಕ್ಕನ ಮುಖವನ್ನೂ ಅವಳು ನೋಡಿರಲಿಲ್ಲ.

"ಯಕ್ಕಾ, ಒಂದೀಟು ಹೆಪ್ಪು ಕೊಡ್ತಿಯೇನ? ಬಿಸಿ ಹಾಲಿಗೆ ಹಾಕಿ ಕೊಂದೀನಿ."

"ತಲಿ ಬೆಳ್ಳಗಾದ್ರೂ ಹಾಲು ಆರಸೂದು ಬರ್ಲಿಲ್ಲೇನ ನಿನಗ?" ಎಂದಿತು ಆಚೆಯ ದನಿ. ಕಿಂಡಿಯಲ್ಲಿ ಒಂದು ಬಟ್ಟಲು ಬಂತು. "ತಗೋ. ಇದು ನಿಮ್ಮಕ್ಕಂದ. ನಾ ಇಲ್ಲಿಗೆ ಬಂದಾಗ ಕೊಟ್ಟಿದ್ಲು. ನಮ್ಮಾಕಿ ಅವಸರದಾಕಿ, ಒಂದಿನ ಕೇಳಾಕ ಬರ್ತಾಳ, ಕಾಯ್ದಿಟ್ಟಿರು ಅಂದಿದ್ಲು. ಹನ್ನೊಂದು ವರ್ಷ ಕಾದೆ. ನೀ ಬರಲೇ ಇಲ್ಲ."

ಗುರುಬಾಯಿ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹೊಸ ಹಾಲು ಕಾಸಿ ತಂದು ಕಿಂಡಿಯ ಬುಡದಲ್ಲೇ ಕೂತಳು.

"ಆರಿತೇನ?" ಸ್ವಲ್ಪ ಹೊತ್ತಿಗೆ ಮಾದೇವಕ್ಕ ಕೇಳಿದಳು.

ಗುರುಬಾಯಿ ಬೆರಳದ್ದಿ ನೋಡಿದಳು. ಹಾಲು ಹದವಾಗಿ ಆರಿತ್ತು.

"ಇನ್ನೂ ಬಿಸಿ ಐತಿ," ಎಂದಳು. "ಕುಂದ್ರು."