ಕುಂಕುಮ ಹತ್ತಿದ ಬೇಸ್‌ಬಾಲ್ ಕಾರ್ಡ್

ಕುಂಕುಮದ ಡಬ್ಬಿ ತೆರೆದರೆ ಸಾಕು, ಅಮೆರಿಕದ ಟ್ರಾಯ್‌ನ ನಮ್ಮ ಗರಾಜಿನ ಆ ಮಧ್ಯಾಹ್ನ ಇಂದಿಗೂ ಮೂಗಿಗೆ ಅಡರುತ್ತದೆ.

ಅಂದು ಆಯುಧಪೂಜೆ. ಕಾರಿನ ಚಕ್ರಗಳಡಿ ನಿಂಬೆಹಣ್ಣು, ಮಣೆಯ ಮೇಲೆ ಅಪ್ಪನ ಲ್ಯಾಪ್‌ಟಾಪ್, ಅಮ್ಮನ ಸ್ಟೆತಸ್ಕೋಪು. ಮೈಸೂರಿನಿಂದ ಬಂದಿದ್ದ ಅಜ್ಜಿ, "ನಿಂದೇನೋ ಆಯುಧ?" ಎಂದರು. ನಾನು ನನ್ನ ಬೇಸ್‌ಬಾಲ್ ಕಾರ್ಡನ್ನು ಇಟ್ಟೆ. ಆಟಗಾರರ ಚಿತ್ರವಿರುವ ಇಂಥ ಕಾರ್ಡುಗಳನ್ನು ಕೂಡಿಡುತ್ತಿದ್ದೆ; ಒಂದು ಕಲೆ ಬಿದ್ದರೂ ಅವುಗಳ ಬೆಲೆ ಹೋಯಿತು. ಹುಟ್ಟುಹಬ್ಬಕ್ಕೆ ಬಂದ ಎಂಬತ್ತು ಡಾಲರನ್ನೂ ಈ ಒಂದಕ್ಕೇ ಸುರಿದಿದ್ದೆ. ಕಾರ್ಡುಗಳಿಗೆ ತಿಂಗಳಿಗೆ ಹತ್ತು ಡಾಲರ್ ಮೀರಬಾರದೆಂದು ಅಪ್ಪನ ಕಟ್ಟಪ್ಪಣೆ. ಹಾಗಾಗಿ ಮನೆಯಲ್ಲಿ "ಎರಡೇ ಡಾಲರ್" ಎಂದಿದ್ದೆ.

ದೇವಸ್ಥಾನದ ಭಟ್ಟರಂತೆ ಮೂಗಿನಲ್ಲಿ ಮಂತ್ರ ಎಳೆದೆ. ಅಜ್ಜಿ ಹೊಟ್ಟೆ ಹಿಡಿದು ನಕ್ಕರು. "ದೇವರ ಮುಂದೆ ಪ್ಲಾಸ್ಟಿಕ್ ಯಾಕೋ, ಕಪಿ" ಎನ್ನುತ್ತ ಕಾರ್ಡನ್ನು ಕವರಿನಿಂದ ತೆಗೆದು, ಆಟಗಾರನ ಹಣೆಗೆ ಒದ್ದೆ ಕುಂಕುಮ ಒತ್ತಿದರು.

"ಅಜ್ಜೀ, ಸ್ಟಾಪ್! ಅದು ಏಯ್ಟಿ ಡಾಲರ್ಸ್!" ಎಂದು ಕಿರುಚಿದೆ.

"ಎಷ್ಟಂದೆ?" ಅಪ್ಪ ನನ್ನತ್ತ ತಿರುಗಿದರು.

ಅಜ್ಜಿ ಆಗಲೇ ಸೆರಗಿನಿಂದ ಒರೆಸುತ್ತಿದ್ದರು. ಒರೆಸಿದಷ್ಟೂ ಕೆಂಪು ಹರಡಿತು. "ತಪ್ಪಾಯ್ತು ಕಣೋ. ಎರಡೇ ಡಾಲರ್ ಅಂತ ಮುಟ್ಬಿಟ್ಟೆ" ಎಂದರು, ನನಗೆ.

ಊರಿಗೆ ಹೊರಡುವವರೆಗೂ ಅಜ್ಜಿ, ಕೆಳಗೆ ಬಿದ್ದ ನನ್ನ ಪೆನ್ಸಿಲ್ ಎತ್ತಿಕೊಡುವ ಮುನ್ನವೂ "ಇದನ್ನ ಮುಟ್ಲೇನೋ?" ಎಂದು ಕೇಳುತ್ತಿದ್ದರು. ಮನೆಗೆ ಬಂದ ಅಂಕಲ್, ಆಂಟಿಯರ ಮುಂದೆ ನಾನು ಭಟ್ಟರನ್ನು ಅಣಕಿಸಿದೆ, ಅಪ್ಪನ "ಎಷ್ಟಂದೆ"ಯನ್ನು ಅಣಕಿಸಿದೆ, ಕಿರುಚಿದ ನನ್ನನ್ನೂ ಬಿಡಲಿಲ್ಲ. ಎಲ್ಲರೂ ನಕ್ಕರು. ಅಜ್ಜಿಯ ಆ "ಮುಟ್ಲೇನೋ?" ದನಿಯೊಂದು ಮಾತ್ರ ನನ್ನ ಗಂಟಲಿಂದ ಹೊರಡಲೇ ಇಲ್ಲ.